ಹತ್ತನೇ ಮುಗಿಸಿದವರಿಗೆ ಒಂದು ದಿನ

ನಮ್ಮ ಪ್ರೌಢಶಾಲೆಗಳಲ್ಲಿ ಬೀಳ್ಕೊಡುಗೆ ಮೊದಲು, ಪರೀಕ್ಷೆ ಆಮೇಲೆ. ಫೆಬ್ರುವರಿ ಕೊನೆಗೋ ಮಾರ್ಚ್ ಮೊದಲ ವಾರಕ್ಕೋ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕಿನ ಹಳ್ಳಿಗಳ ಪ್ರೌಢಶಾಲೆಗಳಲ್ಲಿ ಶಾರದಾ ಪೂಜೆ, ಬೀಳ್ಕೊಡುವ ಸಮಾರಂಭದ ಸಡಗರ ಇರುತ್ತದೆ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ಶಾಮಿಯಾನ, ಒಂದು ಮೈಕು. ಹತ್ತನೇ ತರಗತಿಯ ಹುಡುಗಿಯರು ಅಂದು ಸಮವಸ್ತ್ರ ಬಿಟ್ಟು ಅವ್ವನದೋ ಅಕ್ಕನದೋ ಸೀರೆ ಉಟ್ಟು ಬಂದಿರುತ್ತಾರೆ. ಒಂಬತ್ತನೆಯವರು ಬಡಿಸುತ್ತಾರೆ, ಹತ್ತನೆಯವರು ಕೂತು ಉಣ್ಣುತ್ತಾರೆ. ಗೋಧಿ ಹುಗ್ಗಿಯೋ ಹೋಳಿಗೆಯೋ, ಜತೆಗೆ ಬದನೆಕಾಯಿ ಪಲ್ಲೆ, ಅನ್ನ, ಸಾರು. ಊಟಕ್ಕೆ ಮುಂಚೆ ಮಾಸ್ತರರು, ಅಕ್ಕೋರು ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ. ಮೂರು ವರ್ಷ ಗದರಿಸಿದವರ ದನಿಯೇ ಅಂದು ಮೆತ್ತಗಾಗುತ್ತದೆ: 'ಹೆದರಬ್ಯಾಡ್ರಿ, ಗೊತ್ತಿದ್ದದ್ದನ್ನ ಚೆಂದಂಗ ಬರೀರಿ.'

ಮಕ್ಕಳು ಶಾಲೆಗೆ ಏನಾದರೂ ಕೊಟ್ಟು ಹೋಗುವುದು ಈ ಸೀಮೆಯ ರೂಢಿ. ತರಗತಿಯವರೆಲ್ಲ ದುಡ್ಡು ಕೂಡಿಸಿ ಗೋಡೆ ಗಡಿಯಾರ, ಫ್ಯಾನು, ನೀರಿನ ಡ್ರಮ್ಮು, ಮಹಾತ್ಮರ ಫೋಟೊ ತರುತ್ತಾರೆ. ಅದರ ಮೇಲೆ ಬಣ್ಣದಲ್ಲಿ ತಮ್ಮ ಸಾಲಿನ ಇಸವಿ ಬರೆಸುತ್ತಾರೆ. ಯಾವುದೇ ಹಳೆಯ ಪ್ರೌಢಶಾಲೆಯ ಆಫೀಸು ಕೋಣೆಯಲ್ಲಿ ನಿಂತು ಕಪಾಟು, ಗಡಿಯಾರ, ಕುರ್ಚಿಗಳ ಬೆನ್ನು ನೋಡಿದರೆ ಆ ಶಾಲೆಯ ಚರಿತ್ರೆಯನ್ನೇ ಓದಬಹುದು.

ಈ ಸಮಾರಂಭದಲ್ಲಿ ಒಂದು ದೊಡ್ಡ ಗುಣವಿದೆ. ಅಂದು ಯಾರ ಕೈಯಲ್ಲೂ ಅಂಕ ಇರುವುದಿಲ್ಲ. ಮುಂದಿನ ಬೆಂಚಿನವನು, ಹಿಂದಿನ ಬೆಂಚಿನವನು, ಹೊಲದ ಕೆಲಸಕ್ಕೆಂದು ತಿಂಗಳಿಗೆ ಹತ್ತು ದಿನ ತಪ್ಪಿಸಿಕೊಂಡವಳು, ಎಲ್ಲರ ಹಣೆಗೂ ಒಂದೇ ಕುಂಕುಮ, ಎಲ್ಲರ ಕೈಗೂ ಒಂದೇ ಪೆನ್ನು, ಒಂದೇ ಗುಲಾಬಿ. ಶಾಲೆ ತನ್ನ ಮಕ್ಕಳನ್ನೆಲ್ಲ ಒಟ್ಟಿಗೆ ತನ್ನವರೆಂದು ಹೇಳುವ ಕೊನೆಯ ದಿನ ಅದು. ಫಲಿತಾಂಶ ಬಂದ ಮೇಲೆ ಆ ಮಾತು ಮತ್ತೆ ಕೇಳಿಬರುವುದಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕಗಳ ಪರೀಕ್ಷೆ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಪತ್ರಿಕೆಗಳು, ಟಿ.ವಿ.ಗಳು, ವಾಟ್ಸ್‌ಆ್ಯಪ್ ಗುಂಪುಗಳು ಹುಡುಕುವುದು 625ಕ್ಕೆ 625 ಯಾರಿಗೆ ಬಂತು ಎಂಬುದನ್ನು. 2023ರಲ್ಲಿ ನಾಲ್ವರಿಗೆ ಬಂದಿತ್ತು. 2024ರಲ್ಲಿ ಒಬ್ಬಳೇ ಹುಡುಗಿಗೆ. ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ರೈತರ ಮಗಳು ಆಕೆ. ಸರ್ಕಾರಿ ವಸತಿ ಶಾಲೆಯ ಹುಡುಗಿ ರಾಜ್ಯಕ್ಕೇ ಮೊದಲು ಬಂದದ್ದು ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗೂ ಸಂಭ್ರಮದ ಸುದ್ದಿಯಾಗಿತ್ತು, ಆಗಬೇಕಾದದ್ದೇ. 2025ರಲ್ಲಿ 22 ಮಕ್ಕಳು ಪೂರ್ಣ ಅಂಕ ಪಡೆದರು. ಅದೇ 2025ರ ಮೊದಲ ಪರೀಕ್ಷೆಯಲ್ಲಿ ಶಾಲೆಗಳಿಂದ ನೇರವಾಗಿ ಬರೆದ ಮಕ್ಕಳಲ್ಲಿ ಪಾಸಾದವರು ಶೇ 66.14. ಅಂದರೆ ಮೂವರಲ್ಲಿ ಒಬ್ಬರು ಪಾಸಾಗಲಿಲ್ಲ. ಆ ಇಪ್ಪತ್ತೆರಡು ಮಕ್ಕಳ ಫೋಟೊಗಳನ್ನು ನಾಡೆಲ್ಲ ನೋಡಿತು. ಉಳಿದ ಲಕ್ಷಾಂತರ ಮಕ್ಕಳ ಪಾಲಿಗೆ ಹತ್ತು ವರ್ಷದ ಶಾಲೆ ಮುಗಿದದ್ದು ಒಂದು ಮೊಬೈಲ್ ಪರದೆಯ ಮೇಲೆ, ನೋಂದಣಿ ಸಂಖ್ಯೆ ಒತ್ತಿದ ಆ ಒಂದು ಗಳಿಗೆಯಲ್ಲಿ.

ಜೂನ್ ಬಂದರೆ ಪ್ರತಿಭಾ ಪುರಸ್ಕಾರಗಳ ಹಂಗಾಮು. ಸಮಾಜದ ಸಂಘಗಳು, ಮಠಗಳು, ಪತ್ತಿನ ಸಹಕಾರ ಸಂಘಗಳು, ನೌಕರರ ಸಂಘ, ಶಾಸಕರ ಅಭಿಮಾನಿ ಬಳಗ, ಎಲ್ಲರೂ ಅರ್ಜಿ ಕರೆಯುತ್ತಾರೆ. ಶೇ 85 ಅಥವಾ ಶೇ 90ಕ್ಕಿಂತ ಹೆಚ್ಚು ಅಂಕ ಇರಬೇಕು. ಅಂಕಪಟ್ಟಿಯ ಜೆರಾಕ್ಸು, ಎರಡು ಫೋಟೊ ಲಗತ್ತಿಸಬೇಕು. ಅವರ ಉದ್ದೇಶ ಒಳ್ಳೆಯದೇ. ಬಡ ಮನೆಯ ಎಷ್ಟೋ ಮಕ್ಕಳಿಗೆ ಪಿಯುಸಿ ಪ್ರವೇಶದ ಶುಲ್ಕಕ್ಕೆ ಈ ಹಣವೇ ಆಸರೆಯಾಗಿದೆ. ಆದರೆ ಎಲ್ಲರ ಅಳತೆಗೋಲೂ ಒಂದೇ ಆಗಿರುವುದರಿಂದ ಒಂದೇ ಮಗು ಐದಾರು ವೇದಿಕೆ ಹತ್ತುತ್ತದೆ. ಅದರ ಪಕ್ಕದ ಬೆಂಚಿನಲ್ಲಿ ಶೇ 58 ಪಡೆದ ಮಗು ಒಂದು ವೇದಿಕೆಯನ್ನೂ ಕಾಣುವುದಿಲ್ಲ. ಆ ಮಗುವಿನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದ ಮೊದಲ ವ್ಯಕ್ತಿ ಅದೇ ಆಗಿರಬಹುದು. ಅದನ್ನು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

ವೇದಿಕೆಯ ಮೇಲಿನ ಲೆಕ್ಕವನ್ನೂ ನೋಡಬೇಕು. ಸನ್ಮಾನ ಅಂದರೆ ಹಾರ, ಶಾಲು, ಫಲಪುಷ್ಪ, ನೆನಪಿನ ಕಾಣಿಕೆ. ಹಾರದ ವಿಷಯದಲ್ಲಿ ಹಾವೇರಿಗೆ ನಾಡಿನಲ್ಲೇ ಹೆಸರಿದೆ. ಇಲ್ಲಿನ ಪಟವೇಗಾರ ಮನೆತನದವರು ಏಲಕ್ಕಿ ಪೋಣಿಸಿ ಕಟ್ಟುವ ಹಾರ ದೊಡ್ಡ ದೊಡ್ಡವರ ಕೊರಳಿಗೆ ಬಿದ್ದಿದೆ. 2023ರ ಜನವರಿ 6ರಿಂದ 8ರವರೆಗೆ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗ 'ಏಲಕ್ಕಿ ಕಂಪಿನ ನಾಡು' ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಇದೇ ಜಿಲ್ಲೆಯ ಶಿಗ್ಗಾವಿಯಿಂದ ಗೆದ್ದಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸತರಲ್ಲಿ, 2021ರ ಆಗಸ್ಟ್‌ನಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಟಿತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಕೂಡ ತಮಗೆ ಹಾರ–ಶಾಲು ಬೇಡ, ಪುಸ್ತಕ ಕೊಡಿ ಎಂದರು. ಇಬ್ಬರು ಮುಖ್ಯಮಂತ್ರಿಗಳು ಹೇಳಿದ ಮೇಲೂ ನಮ್ಮ ಶಾಲಾ ವೇದಿಕೆಗಳಲ್ಲಿ ಅತಿಥಿಗಳ ಶಾಲಿಗೆ ಆಗುವ ಖರ್ಚು ಮಕ್ಕಳ ಬಹುಮಾನಕ್ಕೆ ಆಗುವ ಖರ್ಚಿಗಿಂತ ಹೆಚ್ಚಾಗಿರುವುದುಂಟು. ಮಕ್ಕಳ ಸಮಾರಂಭದಲ್ಲಿ ಹಾಗಾಗಬಾರದು.

ಇನ್ನು ದತ್ತಿ. ಈ ವಿಷಯವನ್ನು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ಸಣ್ಣ ಪ್ರೌಢಶಾಲೆಗಳ ಬಳಿ ಇರುವ ನಿಜವಾದ ಆಸ್ತಿ ಇದು.

ಉತ್ತರ ಕರ್ನಾಟಕದಲ್ಲಿ ಓದಿಗೆ ದಾನ ಕೊಡುವ ಪರಂಪರೆ ದೊಡ್ಡದು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕಟ್ಟಿದ ಕೆಎಲ್‌ಇ ಸಂಸ್ಥೆ ಇಂಥ ದಾನಗಳಿಂದಲೇ ಬೆಳೆಯಿತು. ಹಾವೇರಿಯಲ್ಲಿ ಅದು ನಡೆಸುವ ಕಾಲೇಜಿಗೆ ಹೊಸರಿತ್ತಿಯ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರಿದೆ. ಅದೇ ಮನಸ್ಸು ಹಳ್ಳಿಯ ಪ್ರೌಢಶಾಲೆಯ ಮಟ್ಟಿಗೆ ಇಳಿದು ಬಂದಾಗ ದತ್ತಿ ನಿಧಿಯಾಯಿತು. ನಿವೃತ್ತರಾಗುವ ಮಾಸ್ತರರು ತಮ್ಮ ತಾಯಿಯ ಹೆಸರಲ್ಲಿ, ಕಿರಾಣಿ ಅಂಗಡಿಯವರು ತೀರಿಹೋದ ಮಗನ ಹೆಸರಲ್ಲಿ, ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿ ತನ್ನ ಗಣಿತದ ಗುರುಗಳ ಹೆಸರಲ್ಲಿ ಸಾವಿರವೋ ಐದು ಸಾವಿರವೋ ಶಾಲೆಗೆ ಕೊಡುತ್ತಾರೆ. ಶಾಲೆ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಅಸಲು ಮುಟ್ಟುವಂತಿಲ್ಲ. ಬಡ್ಡಿಯಲ್ಲಿ ಪ್ರತಿವರ್ಷ ಕನ್ನಡಕ್ಕೆ ಮೊದಲು ಬಂದವರಿಗೋ ಗಣಿತಕ್ಕೆ ಮೊದಲು ಬಂದವರಿಗೋ ಬಹುಮಾನ.

ಬಡ್ಡಿ ಇಳಿದಂತೆ ಈ ದತ್ತಿಗಳು ಬಡಕಲಾಗಿವೆ. ಬ್ಯಾಂಕುಗಳು ದೀರ್ಘಾವಧಿ ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಕೊಡುತ್ತಿದ್ದ 1990ರ ದಶಕದಲ್ಲಿ ಇಟ್ಟ 1,000 ರೂಪಾಯಿಗೆ ವರ್ಷಕ್ಕೆ 120 ರೂಪಾಯಿ ಬರುತ್ತಿತ್ತು. ಅಷ್ಟರಲ್ಲಿ ಒಂದು ಒಳ್ಳೆಯ ನಿಘಂಟು, ಒಂದು ಕಂಪಾಸ್ ಪೆಟ್ಟಿಗೆ ಕೊಳ್ಳಬಹುದಿತ್ತು. ಈಗ ಶೇ 6.5ರ ಲೆಕ್ಕದಲ್ಲಿ ಅದೇ ಸಾವಿರಕ್ಕೆ ಬರುವುದು 65 ರೂಪಾಯಿ. ಅದನ್ನು ಇಬ್ಬರಿಗೆ ಹಂಚಬೇಕಾದರೆ ಮುಖ್ಯೋಪಾಧ್ಯಾಯರು ತಮ್ಮ ಕೈಯಿಂದ ಹಾಕಿ ಕೊಡುತ್ತಾರೆ. ಅಂಥವರು ಈ ಜಿಲ್ಲೆಯ ಶಾಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಹೋಲಿಕೆಗೆ ಹೇಳುವುದಾದರೆ, ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ದತ್ತಿಯ ಬೆಲೆ ಹಣದಲ್ಲಿಲ್ಲ ಎಂಬುದು ನಿಜ. ಆದರೂ ದಾನಿ ಕೊಟ್ಟಾಗ ಇದ್ದ ಘನತೆ ಉಳಿಯಬೇಕಾದರೆ ಅಸಲಿಗೆ ಯಾರಾದರೂ ಕಾಲಕಾಲಕ್ಕೆ ಸೇರಿಸುತ್ತಿರಬೇಕು.

ಅದಕ್ಕಿಂತ ದೊಡ್ಡ ಅಪಾಯ ಮರೆವು. ಠೇವಣಿ ಇರುವುದು ಮುಖ್ಯೋಪಾಧ್ಯಾಯರ ಹುದ್ದೆಯ ಹೆಸರಲ್ಲಿ. ಅವರ ವರ್ಗವಾದಾಗ ಸಹಿ ಬದಲಾಗಬೇಕು, ಕೆವೈಸಿ ಆಗಬೇಕು. ಬ್ಯಾಂಕುಗಳೂ ಒಂದರೊಳಗೊಂದು ವಿಲೀನವಾಗಿವೆ. ರಸೀದಿ ಹಳೆಯ ಕಪಾಟಿನಲ್ಲಿ ಉಳಿದುಬಿಟ್ಟರೆ ದತ್ತಿಯ ಹೆಸರು ಗೋಡೆಯ ಫಲಕದಲ್ಲಿರುತ್ತದೆ, ಬಹುಮಾನ ನಿಂತಿರುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. 2014ರಿಂದ ಈ ವ್ಯವಸ್ಥೆ ಇದೆ. ಹಾಗೆ ಹೋದ ಹಣ ಮುಳುಗಿತೆಂದಲ್ಲ. ದಾಖಲೆ ತೋರಿಸಿ ಅದೇ ಬ್ಯಾಂಕಿನಲ್ಲಿ ಕೇಳಿದರೆ ವಾಪಸು ಸಿಗುತ್ತದೆ. 2023ರಲ್ಲಿ ರಿಸರ್ವ್ ಬ್ಯಾಂಕ್ ಶುರುಮಾಡಿದ 'ಉದ್ಗಮ್' ಜಾಲತಾಣದಲ್ಲಿ ಇಂಥ ಠೇವಣಿಗಳನ್ನು ಹುಡುಕಲೂಬಹುದು. ಪ್ರತಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತನ್ನ ಶಾಲೆಯ ದತ್ತಿ ರಸೀದಿಗಳನ್ನು ಒಮ್ಮೆ ಹೊರತೆಗೆದು ಎಣಿಸಬೇಕು.

ದತ್ತಿಯ ಷರತ್ತುಗಳೂ ಅಂಕಕ್ಕೇ ಗಂಟುಬಿದ್ದಿವೆ. ಕೊಡುವವರಿಗೆ ಬೇರೆ ದಾರಿ ತೋಚಿಲ್ಲ, ಶಾಲೆಯೂ ಸೂಚಿಸಿಲ್ಲ. ಆದರೆ ಒಂದು ಮಗು ಹತ್ತನೇ ತರಗತಿ ದಾಟುವುದೆಂದರೆ ಏನು ಎಂಬುದನ್ನು ಈ ಸೀಮೆಯ ಊರುಗಳಲ್ಲೇ ನಿಂತು ನೋಡಬೇಕು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಡಿಸೆಂಬರಿನಿಂದ ಬೇಸಿಗೆಯವರೆಗೆ. ಸೋಮವಾರ, ಗುರುವಾರ ಮಾರುಕಟ್ಟೆ ತುಂಬಿ ರಸ್ತೆಗೆ ಚೆಲ್ಲುತ್ತದೆ. ಊರಿಗೆ ಊರೇ ಘಾಟು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕೆಂಪು ಕಾಯಿಯ ತೊಟ್ಟು ಬಿಡಿಸುವ ಕೆಲಸ ನೂರಾರು ಹೆಣ್ಣುಮಕ್ಕಳ ದಿನಗೂಲಿ. ಆ ತಾಯಂದಿರಿಗೆ ಕೈತುಂಬ ಕೆಲಸವಿರುವ ತಿಂಗಳುಗಳೇ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ, ಅಂತಿಮ ಪರೀಕ್ಷೆಯ ತಿಂಗಳುಗಳು. ಅವ್ವ ನಸುಕಿನಲ್ಲಿ ಹೋದರೆ ಮನೆಯ ರೊಟ್ಟಿ, ನೀರು, ತಮ್ಮ–ತಂಗಿಯರ ಜವಾಬ್ದಾರಿ ಹತ್ತನೇ ತರಗತಿಯ ಹುಡುಗಿಯದು. ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಟೊಮೆಟೊ, ಮೆಣಸಿನ ಹೂವಿಗೆ ಒಂದೊಂದಾಗಿ ಕೈಯಿಂದ ಪರಾಗಸ್ಪರ್ಶ ಮಾಡಿಸುವ 'ಕ್ರಾಸಿಂಗ್' ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂಬ ಮಾತು ಬಹಳ ವರ್ಷ ಮಕ್ಕಳನ್ನು ಹೊಲಕ್ಕೆ ಎಳೆಯಿತು. ಇಂಥ ಮನೆಯಿಂದ ಬಂದು ಮೂರು ವರ್ಷ ಹಾಜರಿ ಕಾಯ್ದುಕೊಂಡು ಶೇ 50 ಪಡೆದ ಹುಡುಗಿಯ ಸಾಧನೆ ಸಣ್ಣದೆಂದು ನಾನು ಒಪ್ಪುವುದಿಲ್ಲ.

ಇನ್ನು ಒಂದೇ ಯತ್ನಕ್ಕೆ ಪಾಸಾಗದವರ ಮಾತು. 2023–24ನೇ ಸಾಲಿನಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪೂರಕ ಪರೀಕ್ಷೆ ಎಂಬ ಹೆಸರನ್ನೇ ತೆಗೆದು ಪರೀಕ್ಷೆ–1, 2, 3 ಎಂದು ಮೂರು ಅವಕಾಶ ಕೊಟ್ಟಿತು. ಮೂರರಲ್ಲಿ ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. ಮಕ್ಕಳ ಮೇಲೆ ಬೀಳುತ್ತಿದ್ದ 'ಸಪ್ಲಿಮೆಂಟರಿ' ಎಂಬ ಮುದ್ರೆ ಹೋಯಿತು. ಇದು ಕರುಣೆಯುಳ್ಳ ನಿರ್ಧಾರ. ಆದರೆ ಶಾಲೆಯ ಪಂಚಾಂಗ ಹಳೆಯದೇ. ಮೊದಲನೆಯದರ ನಂತರದ ಪರೀಕ್ಷೆಯಲ್ಲಿ ಗೆದ್ದ ಹುಡುಗ ಬರುವ ಹೊತ್ತಿಗೆ ಹೊಸ ತರಗತಿಗಳು ನಡೆಯುತ್ತಿರುತ್ತವೆ. ಆಫೀಸಿನ ಬಾಗಿಲಲ್ಲಿ ನಿಂತು, ಗುಮಾಸ್ತರು ತೋರಿಸಿದಲ್ಲಿ ಸಹಿ ಮಾಡಿ, ಟಿಸಿ ಮತ್ತು ಅಂಕಪಟ್ಟಿ ಮಡಚಿ ಕಿಸೆಗಿಟ್ಟುಕೊಂಡು ಅವನು ಹೊರಡುತ್ತಾನೆ. ಅವನ ಮಾಸ್ತರರು ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿರುತ್ತಾರೆ, ಅವನು ಬಂದು ಹೋದದ್ದು ಅವರಿಗೆ ತಿಳಿಯುವುದೇ ಇಲ್ಲ.

ಮನೆಗಳು ಕೆಲವೊಮ್ಮೆ ಶಾಲೆಗಿಂತ ಮುಂದೆ ಹೋಗುತ್ತವೆ. 2025ರ ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ ಆರೂ ವಿಷಯಗಳಲ್ಲಿ ಅನುತ್ತೀರ್ಣನಾದ ಹುಡುಗನೊಬ್ಬನಿಗೆ ಮನೆಯವರು ಕೇಕ್ ಕತ್ತರಿಸಿ, ಬಾಯಿಗಿಟ್ಟು, ಮತ್ತೆ ಬರೆದರಾಯಿತು ಎಂದು ಧೈರ್ಯ ತುಂಬಿದ ಸುದ್ದಿ ನಾಡೆಲ್ಲ ಹಬ್ಬಿತು. ಫಲಿತಾಂಶದ ಮರುದಿನ ಮಕ್ಕಳ ಆತ್ಮಹತ್ಯೆಯ ಸುದ್ದಿ ಓದಿ ಓದಿ ನೊಂದವರಿಗೆ ಆ ತಂದೆ–ತಾಯಿ ಮಾಡಿದ್ದು ಎಷ್ಟು ದೊಡ್ಡದೆಂದು ಗೊತ್ತು.

ಪಟ್ಟಣಗಳ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಈಗ ಯುಕೆಜಿ ಮುಗಿಸಿದ ಕೂಸುಗಳಿಗೆ ಕಪ್ಪು ಗೌನು, ಚೌಕ ಟೊಪ್ಪಿಗೆ ತೊಡಿಸಿ 'ಗ್ರಾಜುಯೇಷನ್ ಡೇ' ಮಾಡುತ್ತಾರೆ. ಕೂಸುಗಳು ಚೆಂದ ಕಾಣುತ್ತವೆ, ತಂದೆ–ತಾಯಿ ಫೋಟೊ ತೆಗೆದುಕೊಳ್ಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಥದೇ ಉಡುಪು ತೊಡುವ ಅಮೆರಿಕದ ಹೈಸ್ಕೂಲುಗಳ ಪದ್ಧತಿಯಲ್ಲಿ ನಾವು ಕಲಿಯಬಹುದಾದ ಸಂಗತಿ ಬೇರೆ ಇದೆ. ಅಲ್ಲಿ ಹನ್ನೆರಡನೇ ತರಗತಿ ಮುಗಿದ ಮೇಲೆ ಪದವಿಗೆ ಅರ್ಹರಾದ ಪ್ರತಿಯೊಬ್ಬರ ಹೆಸರನ್ನೂ ಕೂಗಿ ಕರೆಯುತ್ತಾರೆ. ಒಬ್ಬೊಬ್ಬರೂ ವೇದಿಕೆ ಹತ್ತಿ, ಮುಖ್ಯಸ್ಥರ ಕೈ ಕುಲುಕಿ, ಪ್ರಮಾಣಪತ್ರ ಪಡೆದು ಇಳಿಯುತ್ತಾರೆ. ಅನೇಕ ಶಾಲೆಗಳಲ್ಲಿ ತರಗತಿಗೆ ಮೊದಲು ಬಂದವರನ್ನು 'ವ್ಯಾಲೆಡಿಕ್ಟೋರಿಯನ್' ಎನ್ನುತ್ತಾರೆ. ಅವರಿಗೆ ಸಿಗುವ ದೊಡ್ಡ ಗೌರವವೆಂದರೆ ಎಲ್ಲ ಸಹಪಾಠಿಗಳ ಪರವಾಗಿ ವಿದಾಯದ ಭಾಷಣ ಮಾಡುವುದು. ಮೊದಲು ಬಂದವರು ಉಳಿದವರ ದನಿಯಾಗಬೇಕೆಂಬ ಈ ವಿಚಾರ ನನಗೆ ಬಹಳ ಹಿಡಿಸಿದೆ. ಇದಕ್ಕೆ ಗೌನು ಬೇಕಿಲ್ಲ.

ನಮ್ಮಲ್ಲೂ ಎಲ್ಲರ ಹೆಸರನ್ನು ಕೂಗುವ ಸಮಾರಂಭವಿದೆ. ಅದು ನಡೆಯುವುದು ಇಪ್ಪತ್ತು, ಇಪ್ಪತ್ತೈದು ವರ್ಷ ತಡವಾಗಿ. ಗುರುವಂದನೆ ಮತ್ತು ಸ್ನೇಹ ಸಮ್ಮೇಳನ ಎಂಬ ಹೆಸರಿನಲ್ಲಿ ಈ ಹತ್ತು ಹದಿನೈದು ವರ್ಷಗಳಲ್ಲಿ ಇದು ನಮ್ಮ ಹಳ್ಳಿಗಳ ಹೊಸ ಹಬ್ಬವಾಗಿದೆ. ಇಂಥ ಸಾಲಿನ ಎಸ್ಸೆಸ್ಸೆಲ್ಸಿಯವರು ಎಂದು ವಾಟ್ಸ್‌ಆ್ಯಪ್ ಗುಂಪು ಕಟ್ಟಿ, ಒಬ್ಬೊಬ್ಬರನ್ನೇ ಹುಡುಕಿ ತಂದು, ನಿವೃತ್ತ ಗುರುಗಳನ್ನು ಎತ್ತಿನ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಮೆರವಣಿಗೆ ಮಾಡುತ್ತಾರೆ. ಅಂದು ಯಾರೂ ಯಾರಿಗೂ 'ಎಷ್ಟ ಬಿದ್ದಿದ್ದವು?' ಎಂದು ಕೇಳುವುದಿಲ್ಲ. ಅಂದು ನಪಾಸಾದವನು ಇಂದು ನಾಲ್ಕು ಲಾರಿಗಳ ಮಾಲೀಕ, ಅಂದು ಮೊದಲು ಬಂದವಳು ಪಕ್ಕದೂರಿನ ಶಾಲೆಯ ಅಕ್ಕೋರು; ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಗುರುಗಳ ಕಾಲು ಮುಟ್ಟುತ್ತಾರೆ. ಹಾಜರಿ ಪುಸ್ತಕದ ಕ್ರಮದಲ್ಲೇ ಹೆಸರು ಕೂಗಿ 'ಹಾಜರ್ ಸರ್' ಅನ್ನಿಸುವುದೂ ಉಂಟು. ನಲವತ್ತು ದಾಟಿದವರ ಕಣ್ಣುಗಳು ಆಗ ತುಂಬಿಕೊಳ್ಳುತ್ತವೆ. ಹದಿನಾರನೇ ವಯಸ್ಸಿನಲ್ಲಿ ಅವರಿಗೆ ಸಲ್ಲಬೇಕಾಗಿದ್ದ ಮರ್ಯಾದೆ ಅದು.

ಅಂಕಕ್ಕೆ ಗಂಟುಬೀಳದ ಬಹುಮಾನಕ್ಕೆ ತಕ್ಕ ಹೆಸರೂ ನಮ್ಮಲ್ಲೇ ಇದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜತೆ ನಡೆದ ಏಕೈಕ ಕನ್ನಡಿಗ. ಆಗ ಅವರಿಗೆ ಹದಿನೆಂಟು ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಆ ಹುತಾತ್ಮರನ್ನು ನಮ್ಮ ಮಕ್ಕಳು ಪ್ರತಿವರ್ಷ ಭಾಷಣಗಳಲ್ಲಿ ನೆನೆಯುತ್ತಾರೆ. ಅವರ ಹೆಸರಿನಲ್ಲಿ ಒಂದೊಂದು ಶಾಲೆಯಲ್ಲೂ ಸೇವಾ ಬಹುಮಾನ ಇರಬಹುದಲ್ಲವೇ? ಅಂಗಳದ ಗಿಡಗಳಿಗೆ ಮೂರು ವರ್ಷ ನೀರು ಹೊತ್ತ ಹುಡುಗನಿಗೆ, ಕಾಲಿಲ್ಲದ ಗೆಳತಿಯನ್ನು ದಿನವೂ ಸೈಕಲ್ಲಿನಲ್ಲಿ ಶಾಲೆಗೆ ಕರೆತಂದ ಹುಡುಗಿಗೆ ಅದು ಸಲ್ಲಲಿ.

ನನ್ನ ಕೋರಿಕೆ ಇಷ್ಟೇ. ಫೆಬ್ರುವರಿಯ ಬೀಳ್ಕೊಡುಗೆ ಹಾಗೇ ಇರಲಿ, ಅದು ಚೆಂದದ ಹಬ್ಬ. ಅದರ ಜತೆಗೆ ಆ ಸಾಲಿನ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಂದು ಶನಿವಾರ ಮಧ್ಯಾಹ್ನ, ಆಗಸ್ಟ್ 15ರ ಧ್ವಜಾರೋಹಣದ ನಂತರವಾದರೂ ಸರಿ, ಆ ಸಾಲಿನ ಎಲ್ಲ ಮಕ್ಕಳನ್ನು ಅವ್ವ–ಅಪ್ಪನ ಸಮೇತ ಕರೆಯಿರಿ. ಹಾಜರಿ ಪುಸ್ತಕದ ಕ್ರಮದಲ್ಲಿ ಹೆಸರು ಕೂಗಿ ಅಂಕಪಟ್ಟಿ ಕೈಗೆ ಕೊಡಿ. ಇನ್ನೂ ಪಾಸಾಗದವರ ಹೆಸರನ್ನೂ ಕೂಗಿ, ಅವರ ಕೈಗೆ ಒಂದು ಪುಸ್ತಕ ಕೊಡಿ. ಮೊದಲು ಬಂದವರು ಎಲ್ಲರ ಪರವಾಗಿ ನಾಲ್ಕು ಮಾತಾಡಲಿ. ಅತಿಥಿಗಳಿಗೆ ಶಾಲು ಬೇಡ. ಹೊಸ ದತ್ತಿ ಇಡುವವರು ಒಂಬತ್ತರಿಂದ ಹತ್ತಕ್ಕೆ ಅತಿ ಹೆಚ್ಚು ಅಂಕ ಏರಿಸಿಕೊಂಡವರಿಗೆ, ಗ್ರಂಥಾಲಯದ ಪುಸ್ತಕ ಹೆಚ್ಚು ಓದಿದವರಿಗೆ, ಎರಡನೇ ಯತ್ನದಲ್ಲಿ ಗೆದ್ದವರಿಗೆ ಎಂದು ಬರೆದು ಇಡಿ. ಹಳೆಯ ವಿದ್ಯಾರ್ಥಿಗಳೇ, ಮುಂದಿನ ಗುರುವಂದನೆಗೆ ಊರಿಗೆ ಬಂದಾಗ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ದತ್ತಿ ರಸೀದಿಗಳ ಕಡತ ಕೇಳಿ ನೋಡಿ. ನಿಮ್ಮ ಗುರುಗಳ ಹೆಸರಿನ ಸಾವಿರ ರೂಪಾಯಿ ಅಲ್ಲಿದ್ದರೆ ಅದಕ್ಕೆ ನಿಮ್ಮ ಕೈಯಿಂದ ಒಂದಿಷ್ಟು ಸೇರಿಸಿ.